ಓದುಗರ ಪ್ರಶ್ನೆ, ಪೆಥಾಲಜಿಸ್ಟ್ ಉತ್ತರ: ಆ ಒಂದು ಸಾಲು ಬರೆದು ಕಳಿಸಿ

ಕಳೆದ ಸಂಚಿಕೆಯಲ್ಲಿ ನನ್ನ ಪರಿಚಯಕ್ಕೆ ನಾಲ್ಕೇ ಸಾಲು ಬರೆದಿದ್ದೆ. ನಾನು ಪೆಥಾಲಜಿಸ್ಟ್. ಅನ್ನನಾಳ, ಜಠರ, ಕರುಳಿನಿಂದ ತೆಗೆದ ತುಣುಕುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಾಯಿಲೆ ಯಾವುದು ಅಂತ ಹೇಳುವುದು ನನ್ನ ಕೆಲಸ. 31 ವರ್ಷದಿಂದ ಮೆಡಿಕಲ್ ಕಾಲೇಜಿನಲ್ಲಿ ಪಾಠವನ್ನೂ ಮಾಡುತ್ತಿದ್ದೇನೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಎಲ್ಲವನ್ನೂ ಓದಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಮೆಡಿಕಲ್ ಎರಡನೇ ವರ್ಷದಲ್ಲಿದ್ದೇನೆ. ಪೆಥಾಲಜಿ ತುಂಬಾ ಇಷ್ಟ. ಆದರೆ ಪೆಥಾಲಜಿಸ್ಟ್ ಆದವರು ರೋಗಿಯ ಮುಖವನ್ನೇ ನೋಡುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ನೀವು ನಿಜವಾಗಿ ಏನು ಮಾಡುತ್ತೀರಿ?

ಉತ್ತರ: ಮುಖ ನೋಡುವುದು ಅಪರೂಪ, ಅದು ನಿಜ. ಆದರೆ ದಿನವಿಡೀ ನಾನು ಅವರ ವಿಷಯವನ್ನೇ ಯೋಚಿಸುತ್ತಿರುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಮೇಜಿನ ಮೇಲೆ ಟ್ರೇಗಳು ಬಂದಿರುತ್ತವೆ. ಒಂದೊಂದರಲ್ಲಿ 20 ಸ್ಲೈಡ್. ಪ್ರತಿ ಸ್ಲೈಡಿನ ಜೊತೆ ಡಾಕ್ಟರ್ ತುಂಬಿದ ಒಂದು ಫಾರಂ. ನಾನು ಮೊದಲು ಫಾರಂ ನೋಡುವುದಿಲ್ಲ. ಸ್ಲೈಡನ್ನು ಕಡಿಮೆ ಪವರಿನಲ್ಲಿಟ್ಟು ಅರ್ಧ ನಿಮಿಷ ಸುಮ್ನೆ ನೋಡುತ್ತೇನೆ. ಆಮೇಲೆ ಫಾರಂ ಓದುತ್ತೇನೆ. ಆಮೇಲೆ ಮತ್ತೆ ಸ್ಲೈಡ್. ಎರಡನೇ ಸಲ ನೋಡಿದಾಗ ಕಾಣುವುದೇ ಬೇರೆ, ಅದನ್ನು ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ತೋರಿಸಿಕೊಡುತ್ತೇನೆ.

ಹತ್ತರ ಹೊತ್ತಿಗೆ ಆಪರೇಷನ್ನಿನಲ್ಲಿ ತೆಗೆದ ದೊಡ್ಡ ಭಾಗಗಳ ಕೆಲಸ. ಇದಕ್ಕೆ ನಾವು ಗ್ರಾಸಿಂಗ್ ಅನ್ನುತ್ತೇವೆ. ಕರುಳನ್ನು ಉದ್ದಕ್ಕೆ ಬಿಡಿಸಬೇಕು, ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ನೋಡಬೇಕು, ಕತ್ತರಿಸಿದ ಅಂಚಿಗೂ ಗಡ್ಡೆಗೂ ಎಷ್ಟು ಅಂತರ ಅಂತ ಅಳೆಯಬೇಕು. ಕರುಳಿಗೆ ಅಂಟಿಕೊಂಡ ಕೊಬ್ಬಿನೊಳಗೆ ಲಿಂಫ್ ಗ್ರಂಥಿಗಳು ಅಡಗಿರುತ್ತವೆ. ಕೆಲವು ಸಾಸಿವೆಕಾಳಿನಷ್ಟೇ ಇರುತ್ತವೆ. ದೊಡ್ಡ ಕರುಳಿನ ಕ್ಯಾನ್ಸರ್ ಅಂದರೆ ಕನಿಷ್ಠ 12 ಗ್ರಂಥಿ ಹುಡುಕಿ ತೆಗೆಯಬೇಕು ಅನ್ನುವುದು ನಿಯಮ. ಅದಕ್ಕಿಂತ ಕಡಿಮೆ ಸಿಕ್ಕರೆ, 'ಗ್ರಂಥಿಗೆ ಹರಡಿಲ್ಲ' ಅನ್ನುವ ನನ್ನ ಮಾತಿಗೆ ಬಲವಿಲ್ಲ. ಹರಡಿದೆಯೋ ಇಲ್ಲವೋ ಅನ್ನುವುದರ ಮೇಲೆ ಕೀಮೋಥೆರಪಿ ಬೇಕೋ ಬೇಡವೋ ಅನ್ನುವುದು ನಿಂತಿರುತ್ತದೆ. ಹಾಗಾಗಿ ಒಂಬತ್ತು ಸಿಕ್ಕ ಮೇಲೆ ಕೈತೊಳೆದು ಎದ್ದು ಬರುವ ಹಾಗಿಲ್ಲ. ಕೊಬ್ಬನ್ನು ಮತ್ತೆ ಬೆರಳಲ್ಲಿ ತಡವಿ ತಡವಿ ಹುಡುಕಬೇಕು. ಇಲ್ಲಿ ಕಣ್ಣಿಗಿಂತ ಬೆರಳ ತುದಿಗೇ ಜಾಸ್ತಿ ಗೊತ್ತಾಗುತ್ತದೆ.

ಮಧ್ಯಾಹ್ನ ಸೈನ್ ಔಟ್. ಹತ್ತು ಜನ ಒಟ್ಟಿಗೆ ಕೂತು ನೋಡುವ ಮೈಕ್ರೋಸ್ಕೋಪಿನ ಸುತ್ತ ವಿದ್ಯಾರ್ಥಿಗಳು ಕೂರುತ್ತಾರೆ. ಅವರು ಬರೆದ ಕರಡು ರಿಪೋರ್ಟನ್ನು ಒಂದೊಂದೇ ಸ್ಲೈಡ್ ಇಟ್ಟು ತಿದ್ದುತ್ತೇವೆ. ವಾರಕ್ಕೊಮ್ಮೆ ಟ್ಯೂಮರ್ ಬೋರ್ಡ್ ಇರುತ್ತದೆ. ಸರ್ಜನ್, ಕ್ಯಾನ್ಸರ್ ತಜ್ಞರು, ಸ್ಕ್ಯಾನ್ ನೋಡುವವರು, ನಾನು, ಎಲ್ಲ ಒಂದೇ ಕೋಣೆಯಲ್ಲಿ.

ಉಳಿದ ಹೊತ್ತೆಲ್ಲ ಫೋನು. ಯಾಕೆ ಅಂತ ಹೇಳುತ್ತೇನೆ. ಆ ಫಾರಂನಲ್ಲಿ 'ರೋಗಿಯ ವಿವರ' ಅನ್ನುವ ಒಂದು ಜಾಗ ಇದೆ. ಎಷ್ಟೋ ಸಲ ಅದು ಖಾಲಿ. ಇಲ್ಲದಿದ್ದರೆ 'ಹೊಟ್ಟೆನೋವು' ಅನ್ನುವ ಒಂದೇ ಪದ. ನೋಡು, ತನಗೇನಾಗಿದೆ ಅಂತ ಹೇಳಿಕೊಳ್ಳಲು ಕರುಳಿಗೆ ಇರುವ ಮಾತುಗಳು ಬಹಳ ಕಡಿಮೆ. ಸೋಂಕು ಬಂದರೂ ಹುಣ್ಣು, ಮಾತ್ರೆಯಿಂದಲೂ ಹುಣ್ಣು, ರಕ್ತ ಸರಿಯಾಗಿ ಹರಿಯದಿದ್ದರೂ ಹುಣ್ಣು, ಕ್ರೋನ್ಸ್ ಅನ್ನುವ ಕರುಳಿನ ದೀರ್ಘಕಾಲದ ಉರಿಯೂತದಲ್ಲೂ ಹುಣ್ಣು. ತುಣುಕು ಎಲ್ಲಿಂದ ತೆಗೆದದ್ದು ಅನ್ನುವುದು ಕೂಡ ಮುಖ್ಯ. ಪ್ಯಾನೆತ್ ಕೋಶ ಅಂತ ಒಂದಿದೆ. ದೊಡ್ಡ ಕರುಳಿನ ಬಲಭಾಗದಲ್ಲಿ ಅದು ಕಂಡರೆ ಏನೂ ವಿಶೇಷವಿಲ್ಲ, ಅಲ್ಲಿ ಅದು ಇರುವಂಥದ್ದೇ. ಅದೇ ಕೋಶ ಎಡಭಾಗದಲ್ಲಿ ಕಂಡರೆ ಆ ಕರುಳು ಬಹಳ ದಿನದಿಂದ ನೊಂದಿದೆ ಅಂತ ಅರ್ಥ. ಶೀಸೆಯ ಮೇಲೆ ಬರೀ 'ಕರುಳು' ಅಂತ ಬರೆದು ಕಳಿಸಿದರೆ ನಾನು ಯಾವುದು ಅಂತ ಹೇಳಲಿ? ಅದಕ್ಕೇ ಫೋನ್ ಮಾಡುತ್ತೇನೆ. ಈ ಕೆಲಸದಲ್ಲಿ ಅರ್ಧ ನೋಡುವುದು, ಇನ್ನರ್ಧ ಕೇಳುವುದು.

ಪ್ರಶ್ನೆ: ಎಂಡೋಸ್ಕೋಪಿ ಹತ್ತು ನಿಮಿಷದಲ್ಲಿ ಮುಗಿಯಿತು. ಬಯಾಪ್ಸಿ ರಿಪೋರ್ಟಿಗೆ ಐದು ದಿನ ಕಾಯಿಸಿದರು. ಕಾಯುವಾಗ ಜೀವ ಬಾಯಿಗೆ ಬಂದಿತ್ತು. ಅಷ್ಟು ದಿನ ಏನು ಮಾಡುತ್ತೀರಿ?

ಉತ್ತರ: ಕಾಯುವ ಸಂಕಟ ನನಗೆ ಅರ್ಥವಾಗುತ್ತದೆ. ನಡೆಯುವುದೇನು ಅಂತ ಗೊತ್ತಾದರೆ ಮುಂದಿನ ಸಲ ಅದು ಸ್ವಲ್ಪ ಕಡಿಮೆಯಾಗಬಹುದು.

ಎಂಡೋಸ್ಕೋಪ್ ಅಂದರೆ ಒಳಗೆ ಇಳಿಸುವ ಕ್ಯಾಮೆರಾ ಕೊಳವೆ. ಅದರ ಚಿಮುಟದಲ್ಲಿ ಬರುವ ತುಣುಕು, ಅಂದರೆ ಬಯಾಪ್ಸಿ, 2ರಿಂದ 4 ಮಿ.ಮೀ. ಅಷ್ಟೇ. ಅದನ್ನು ತಕ್ಷಣ, ಕೊಳೆಯದಂತೆ ಕಾಪಾಡುವ ಫಾರ್ಮಲಿನ್‌ಗೆ ಹಾಕುತ್ತಾರೆ. ಫಾರ್ಮಲಿನ್ ಒಳಗೆ ಇಳಿಯಲು ಗಂಟೆಗಳು ಬೇಕು. ಅವಸರ ಮಾಡಿದರೆ ಕೋಶಗಳು ಹಾಳಾಗುತ್ತವೆ. ಆಮೇಲೆ ರಾತ್ರಿಯಿಡೀ ಒಂದು ಯಂತ್ರದಲ್ಲಿ ತುಣುಕಿನ ನೀರನ್ನು ಆಲ್ಕೋಹಾಲ್ ಹೊರಹಾಕುತ್ತದೆ, ಆಲ್ಕೋಹಾಲನ್ನು ಝೈಲೀನ್ ಅನ್ನುವ ದ್ರವ ಹೊರಹಾಕುತ್ತದೆ, ಆ ಜಾಗಕ್ಕೆ ಕರಗಿದ ಪ್ಯಾರಾಫಿನ್ ಮೇಣ ಸೇರುತ್ತದೆ. ಬೆಳಿಗ್ಗೆ ಟೆಕ್ನಿಷಿಯನ್ ಆ ತುಣುಕನ್ನು ಮೇಣದ ಅಚ್ಚಿನಲ್ಲಿ ಅಂಚಿನ ಮೇಲೆ ನಿಲ್ಲಿಸಬೇಕು. ಮಲಗಿಸಿಬಿಟ್ಟರೆ ಕರುಳಿನ ಪದರಗಳು ಮೇಲಿಂದ ಕೆಳಕ್ಕೆ ಕಾಣುವುದೇ ಇಲ್ಲ. ಆಮೇಲೆ ಮೈಕ್ರೋಟೋಮ್ ಅನ್ನುವ ಯಂತ್ರದಲ್ಲಿ 3ರಿಂದ 4 ಮೈಕ್ರಾನ್ ದಪ್ಪಕ್ಕೆ ಸೀಳುತ್ತಾರೆ. ಒಂದು ತಲೆಗೂದಲಿನ ದಪ್ಪದಲ್ಲಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಆ ಸೀಳು ಬೆಚ್ಚಗಿನ ನೀರಿನ ಮೇಲೆ ತೇಲುತ್ತದೆ. ಅದನ್ನು ಸುಕ್ಕಾಗದಂತೆ ಗಾಜಿನ ಮೇಲೆ ಎತ್ತಿಕೊಳ್ಳುವುದು ವರ್ಷಗಟ್ಟಲೆ ಕಲಿತ ಕೈಗೆ ಮಾತ್ರ ಬರುತ್ತದೆ. ನನಗೆ ಇವತ್ತಿಗೂ ನಮ್ಮ ಟೆಕ್ನಿಷಿಯನ್ ಮಾಡುವಷ್ಟು ಚೆನ್ನಾಗಿ ಬರುವುದಿಲ್ಲ. ನನ್ನ ಹೆಸರಿನಲ್ಲಿ ಹೋಗುವ ಪ್ರತಿ ರಿಪೋರ್ಟಿನಲ್ಲೂ ಅವರ ಕೈ ಇದೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಕೊನೆಗೆ ಬಣ್ಣ. ಹೆಮಟಾಕ್ಸಿಲಿನ್ ಒಂದು ಮರದ ತಿರುಳಿನಿಂದ ಬರುವ ಬಣ್ಣ. ಅದು ಕೋಶದ ಕೇಂದ್ರವನ್ನು ನೀಲಿ ಮಾಡುತ್ತದೆ. ಇಯೋಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. ಬಹಳಷ್ಟು ಉತ್ತರ ಈ ಎರಡು ಬಣ್ಣದಲ್ಲೇ ಸಿಗುತ್ತದೆ. ಸಿಗದಿದ್ದರೆ ಬೇರೆ ಬಣ್ಣ, ಬೇರೆ ಪರೀಕ್ಷೆ. ಅದಕ್ಕೆ ಮತ್ತೆ ಒಂದೆರಡು ದಿನ. ತಡವಾಯಿತು ಅಂದರೆ ಕೆಟ್ಟ ಸುದ್ದಿ ಅಂತಲೇ ಅಲ್ಲ. ಎಷ್ಟೋ ಸಲ ಕೆಟ್ಟದ್ದಲ್ಲ ಅಂತ ಖಚಿತ ಮಾಡಿಕೊಳ್ಳುವುದಕ್ಕೇ ನಾನು ಇನ್ನೊಂದು ದಿನ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳು ಪೆಥಾಲಜಿ ಓದುತ್ತೇನೆ ಅನ್ನುತ್ತಾಳೆ. 'ಅದು ನಿಜವಾದ ಡಾಕ್ಟರ್ ಕೆಲಸ ಅಲ್ಲ' ಅಂತ ನೆಂಟರು ಹೇಳುತ್ತಾರೆ. ಎಷ್ಟು ವರ್ಷ ಓದಬೇಕು?

ಉತ್ತರ: ಮೊದಲು ಎಲ್ಲರಂತೆ ಮೆಡಿಕಲ್ ಪದವಿ. ಆಮೇಲೆ ಪೆಥಾಲಜಿಯಲ್ಲಿ ಮೂರರಿಂದ ಐದು ವರ್ಷ, ದೇಶದಿಂದ ದೇಶಕ್ಕೆ ಬೇರೆ. ಜೀರ್ಣಾಂಗದ ಪೆಥಾಲಜಿಯಲ್ಲೇ ಮುಂದುವರಿಯಬೇಕಾದರೆ ಮತ್ತೆ ಒಂದೆರಡು ವರ್ಷ, ಅದನ್ನೇ ಮಾಡುವವರ ಪಕ್ಕದಲ್ಲಿ ಕೂತು ಕಲಿಯಬೇಕು. ಅಮ್ಮಾ, ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಮೊದಲು ಬರೆದು ಸಹಿ ಹಾಕುವುದು ಪೆಥಾಲಜಿಸ್ಟ್. ಆ ಸಹಿ ಬೀಳುವವರೆಗೆ ಸರ್ಜನ್ ಕಾಯುತ್ತಾರೆ. ನೆಂಟರಿಗೆ ಇಷ್ಟು ಹೇಳಿ ಸಾಕು. ಮಗಳಿಗೆ ಗಂಟೆಗಟ್ಟಲೆ ಒಂದೇ ಕಡೆ ಕೂತು ನೋಡುವ ತಾಳ್ಮೆ ಇದೆಯಾ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾಳಾ, ಅಷ್ಟು ಮಾತ್ರ ನೀವು ಗಮನಿಸಿ.

ಪ್ರಶ್ನೆ: ಲ್ಯಾಬಿನಲ್ಲಿ ರಿಪೋರ್ಟ್ ಬರೆಯುವವರಿಗೂ ಕಾಲೇಜಿನಲ್ಲಿರುವ ನಿಮ್ಮಂಥವರಿಗೂ ಏನು ವ್ಯತ್ಯಾಸ? ಸ್ಲೈಡ್ ನೋಡಿಕೊಂಡು ಸಂಶೋಧನೆ ಮಾಡುವುದಕ್ಕಾಗುತ್ತದಾ?

ಉತ್ತರ: ರಿಪೋರ್ಟ್ ನಾವೂ ಬರೆಯುತ್ತೇವೆ. ಅದರ ಜೊತೆ ಪಾಠ ಮಾಡುತ್ತೇವೆ, ಬೇರೆ ಆಸ್ಪತ್ರೆಗಳಿಂದ ಎರಡನೇ ಅಭಿಪ್ರಾಯಕ್ಕೆ ಬರುವ ಕಷ್ಟದ ಕೇಸು ನೋಡುತ್ತೇವೆ, 'ಇದು ಯಾಕೆ ಹೀಗಿದೆ' ಅನ್ನುವ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡಿರುತ್ತೇವೆ. ನಾನು ಪ್ರತಿ ವರ್ಷ ಪಾಠದಲ್ಲಿ ಇಬ್ಬರ ಕಥೆ ಹೇಳುತ್ತೇನೆ. ನಿಮಗೂ ಹೇಳುತ್ತೇನೆ.

ಒಬ್ಬರು ಆಲ್ಡ್ರೆಡ್ ವಾರ್ಥಿನ್. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಪೆಥಾಲಜಿಸ್ಟ್. 1895ರಲ್ಲಿ ಅವರಿಗೆ ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳ ಪರಿಚಯವಾಯಿತು. ಆಕೆ ಬೇಸರದಲ್ಲಿದ್ದಳು. ಯಾಕೆ ಅಂತ ಕೇಳಿದರು. ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ, ಕರುಳು ಇಲ್ಲವೇ ಗರ್ಭಕೋಶದ ಕ್ಯಾನ್ಸರ್‌ನಿಂದ ಸಾಯುತ್ತಾರೆ, ನಾನೂ ಬೇಗ ಹೋಗುತ್ತೇನೆ ಅಂತ ಆಕೆ ಹೇಳಿದಳು. ಮುಂದೆ ಹಾಗೇ ಆಯಿತು, ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಬೇರೆ ಯಾರಾದರೂ ಆಗಿದ್ದರೆ ಸಮಾಧಾನದ ನಾಲ್ಕು ಮಾತು ಹೇಳಿ ಸುಮ್ಮನಾಗುತ್ತಿದ್ದರು. ವಾರ್ಥಿನ್ ಆಕೆಯ ವಂಶದ ವಿವರ ಕಲೆಹಾಕುತ್ತಾ ಹೋದರು. 1913ರಲ್ಲಿ ಬರೆದು ಪ್ರಕಟಿಸಿದರು. ಕ್ಯಾನ್ಸರ್ ವಂಶದಲ್ಲಿ ಬರಬಹುದು ಅನ್ನುವುದನ್ನು ಆಗ ಬಹಳ ಜನ ಒಪ್ಪಲಿಲ್ಲ. 1960ರ ದಶಕದಲ್ಲಿ ಹೆನ್ರಿ ಲಿಂಚ್ ಅನ್ನುವ ವೈದ್ಯರು ಆ ಎಳೆಯನ್ನು ಮತ್ತೆ ಹಿಡಿದರು. ವಂಶದಲ್ಲಿ ಬರುವ ಈ ಕಾಯಿಲೆಗೆ ಇವತ್ತು ಲಿಂಚ್ ಸಿಂಡ್ರೋಮ್ ಅನ್ನುತ್ತೇವೆ. 1990ರ ದಶಕದಲ್ಲಿ ಅದರ ಜೀನುಗಳು ಸಿಕ್ಕವು. ಈಗ ದೊಡ್ಡ ಕರುಳಿನ ಕ್ಯಾನ್ಸರ್ ನನ್ನ ಮೇಜಿಗೆ ಬಂದರೆ ಆ ಜೀನುಗಳು ಮಾಡುವ ನಾಲ್ಕು ಪ್ರೋಟೀನ್‌ಗಳ ಬಣ್ಣ ಹಾಕಿ ನೋಡುತ್ತೇನೆ. ಗಡ್ಡೆಯ ಕೋಶದಲ್ಲಿ ಅವುಗಳಲ್ಲಿ ಒಂದು ಕಾಣೆಯಾಗಿದ್ದರೆ ಮುಂದಿನ ಪರೀಕ್ಷೆ ಮಾಡಿಸಿ ಅಂತ ಬರೆಯುತ್ತೇನೆ. ಅದು ಲಿಂಚ್ ಅಂತ ಖಚಿತವಾದರೆ ಆ ರೋಗಿಯ ಅಣ್ಣ, ತಂಗಿ, ಮಕ್ಕಳನ್ನೂ ಕಾಯಿಲೆ ಬರುವ ಮುಂಚೆಯೇ ಪರೀಕ್ಷೆ ಮಾಡಬಹುದು. ಇದಕ್ಕೆಲ್ಲ ಮೊದಲು, ಹೊಲಿಗೆ ಮಾಡುವ ಒಬ್ಬಳ ಮಾತನ್ನು ಒಬ್ಬ ಪೆಥಾಲಜಿಸ್ಟ್ ಗಮನವಿಟ್ಟು ಕೇಳಿಸಿಕೊಂಡಿದ್ದರು.

ಇನ್ನೊಬ್ಬರು ಪೆಥಾಲಜಿಸ್ಟ್ ರಾಬಿನ್ ವಾರನ್. ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದರು. ಜಠರದಲ್ಲಿ ಅಷ್ಟೊಂದು ಆಮ್ಲ ಇರುವಾಗ ಅಲ್ಲಿ ಬ್ಯಾಕ್ಟೀರಿಯಾ ಬದುಕುವುದಿಲ್ಲ ಅಂತಲೇ ಎಲ್ಲರೂ ಓದಿದ್ದೆವು. 1979ರ ಜೂನ್‌ನಲ್ಲಿ ಜಠರದ ಒಂದು ಬಯಾಪ್ಸಿಯಲ್ಲಿ, ಮೇಲ್ಪದರದ ಮೇಲೆ ತೆಳುವಾದ ನೀಲಿ ಗೆರೆಯಂಥದ್ದು ಅವರಿಗೆ ಕಂಡಿತು. ಬೆಳ್ಳಿಯ ಬಣ್ಣ ಹಾಕಿ ನೋಡಿದರು. ರಾಶಿ ರಾಶಿ ಬ್ಯಾಕ್ಟೀರಿಯಾ. ಆ ಬೆಳ್ಳಿ ಬಣ್ಣದ ಹೆಸರು ವಾರ್ಥಿನ್-ಸ್ಟಾರಿ. ಅದೇ ವಾರ್ಥಿನ್! ಈ ಮಾತು ಬಂದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ವಾರನ್ ಮಾತನ್ನು ಸುತ್ತಲಿನವರು ನಂಬಲಿಲ್ಲ. ಎರಡು ವರ್ಷ ಅವರು ಒಬ್ಬರೇ ಕೇಸು ಕೂಡಿಹಾಕಿದರು. 1981ರಲ್ಲಿ ಬ್ಯಾರಿ ಮಾರ್ಷಲ್ ಅನ್ನುವ ಯುವ ವೈದ್ಯರು ಜೊತೆಯಾದರು. ಅಂದರೆ ರೋಗಿಗಳನ್ನು ನೋಡುವ ಒಬ್ಬರು ಸಿಕ್ಕರು. ಬ್ಯಾಕ್ಟೀರಿಯಾ ಬೆಳೆಸಲು ನೋಡಿದರು, ಆಗಲಿಲ್ಲ. ಎರಡು ದಿನ ನೋಡಿ ತಟ್ಟೆಗಳನ್ನು ಬಿಸಾಡುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ಒಂದು ತಟ್ಟೆ ಐದಾರು ದಿನ ಹಾಗೇ ಉಳಿಯಿತು. ಬಂದು ನೋಡಿದರೆ ಬೆಳೆದಿತ್ತು. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಾವು ಇವತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವುದು ಅದನ್ನೇ. ಹೊಟ್ಟೆಯ ಹುಣ್ಣಿಗೆ ಆಂಟಿಬಯಾಟಿಕ್ ಕೊಡುವುದು ಹೀಗೆ ಶುರುವಾಯಿತು.

ಆ ಬ್ಯಾಕ್ಟೀರಿಯಾ ವಾರನ್‌ಗಿಂತ ಮುಂಚೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅಂತಲ್ಲ. ಕಂಡವರು ಅದನ್ನು ಕಸ ಅಂತ ಬಿಟ್ಟಿದ್ದರು. ಕಾಲೇಜಿನ ಪೆಥಾಲಜಿಸ್ಟ್ ಕೆಲಸ ಏನು ಅಂತ ಕೇಳಿದಿರಲ್ಲ, 'ಇದು ಕಸ' ಅಂತ ಅಷ್ಟು ಬೇಗ ಒಪ್ಪಿಕೊಳ್ಳದಿರುವುದು ಅದರಲ್ಲಿ ಮೊದಲನೆಯದು.

ಪ್ರಶ್ನೆ: ಪೆಥಾಲಜಿಸ್ಟ್ ಹೇಳಿದ್ದೇ ಕೊನೆಯ ಮಾತು ಅನ್ನುತ್ತಾರೆ. ನೀವು ತಪ್ಪು ಮಾಡಿದ್ದೀರಾ?

ಉತ್ತರ: ಮಾಡಿದ್ದೇನೆ. ಒಂದನ್ನು ಹೇಳುತ್ತೇನೆ. ಆ ವ್ಯಕ್ತಿ ಯಾರು, ಎಲ್ಲಿ ಅನ್ನುವುದು ಬೇಡ.

ಸುಮಾರು 20 ವರ್ಷದ ಹಿಂದಿನ ಮಾತು. ಸಣ್ಣ ಕರುಳಿನ ಕೊನೆಯ ಭಾಗದಿಂದ ನಾಲ್ಕು ತುಣುಕು ಬಂದವು. ಫಾರಂನಲ್ಲಿ 'ಹೊಟ್ಟೆನೋವು, ಹುಣ್ಣು ಕಂಡಿದೆ, ಕ್ರೋನ್ಸ್ ಇರಬಹುದೇ?' ಅಂತ ಇತ್ತು. ಸ್ಲೈಡಿನಲ್ಲಿ ಹುಣ್ಣು ಇತ್ತು. ಸುತ್ತಲಿನ ಒಳಪದರದ ಪುಟ್ಟ ಗ್ರಂಥಿಗಳ (ಇವು ಲಿಂಫ್ ಗ್ರಂಥಿಗಳಲ್ಲ) ಆಕಾರ ಕೆಟ್ಟಿತ್ತು, ಅಂದರೆ ಹಳೆಯ ಗಾಯ. ನಾನು 'ಕ್ರೋನ್ಸ್ ಕಾಯಿಲೆಗೆ ಹೊಂದುತ್ತದೆ' ಅಂತ ಬರೆದು ಸಹಿ ಹಾಕಿದೆ. ಬೇರೇನಿರಬಹುದು ಅಂತ ಒಂದು ಸಾಲೂ ಬರೆಯಲಿಲ್ಲ. ಆವತ್ತು ಟ್ರೇಗಳು ಜಾಸ್ತಿ ಇದ್ದವು, ನಿಜ. ಆದರೆ ಅದು ಕಾರಣ ಆಗಬಾರದಿತ್ತು.

ಆಕೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಶುರು ಮಾಡಿದರು. ಐದು ತಿಂಗಳಾದರೂ ವಾಸಿಯಾಗಲಿಲ್ಲ. ಆಕೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋದರು. ಅವರು ಕೂರಿಸಿಕೊಂಡು, ಬೇರೆ ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಿದರು. ಮೊಣಕಾಲು ನೋವಿಗೆ ಎರಡು ವರ್ಷದಿಂದ ದಿನಾ ನೋವಿನ ಮಾತ್ರೆ. ಅದನ್ನು ಯಾರೂ ಕೇಳಿರಲಿಲ್ಲ. ಆಕೆಗೂ ಅದನ್ನು ಹೇಳಬೇಕು ಅನ್ನಿಸಿರಲಿಲ್ಲ, ಕಾಲಿನ ಮಾತ್ರೆಗೂ ಹೊಟ್ಟೆಗೂ ಏನು ಸಂಬಂಧ ಅಂದುಕೊಂಡಿದ್ದರು. ಆ ಮಾತ್ರೆ ಬಿಡಿಸಿದರು. ಕೆಲವು ತಿಂಗಳ ನಂತರ ಮತ್ತೆ ಬಯಾಪ್ಸಿ ತೆಗೆದಾಗ ಅದು ನನ್ನ ಮೇಜಿಗೇ ಬಂತು. ಹುಣ್ಣು ಮಾಯವಾಗಿತ್ತು.

ಹಳೆಯ ಸ್ಲೈಡ್ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅವತ್ತು ಕಂಡದ್ದೆಲ್ಲ ಅಲ್ಲೇ ಇತ್ತು. ನೋಡಿದ್ದರಲ್ಲಿ ತಪ್ಪಿರಲಿಲ್ಲ, ಕೇಳದೇ ಇದ್ದದ್ದು ತಪ್ಪು. ರಿಪೋರ್ಟ್ ತಿದ್ದಿ ಕಳಿಸಿದೆ. ಆಮೇಲೆ ಆ ಡಾಕ್ಟರಿಗೆ ಹೇಳಿ ಆಕೆಯನ್ನು ಹೋಗಿ ಕಂಡೆ. 'ನನ್ನ ಕರುಳು ನೋಡಿದ್ದು ನೀವೇನಾ?' ಅಂದರು. ಹೌದು ಅಂದೆ. ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಒಂದು ಫೋನ್ ಮಾಡಿದ್ದರೆ ನಾನೇ ಹೇಳುತ್ತಿದ್ದೆ' ಅಂದರು. ಆ ಮಾತು ನನ್ನನ್ನು ಬಿಟ್ಟಿಲ್ಲ.

ಅವತ್ತಿನಿಂದ ನಮ್ಮ ವಿಭಾಗದ ಫಾರಂನಲ್ಲಿ 'ತೆಗೆದುಕೊಳ್ಳುತ್ತಿರುವ ಮಾತ್ರೆಗಳು' ಅಂತ ಒಂದು ಸಾಲು ಸೇರಿಸಿದೆವು. ಖಾಲಿ ಬಂದರೆ ನಾನೋ ನನ್ನ ವಿದ್ಯಾರ್ಥಿಯೋ ಫೋನ್ ಮಾಡುತ್ತೇವೆ. ಮಾತ್ರೆಗಳು ಮಾಡುವ ಮೋಸ ಸಣ್ಣದಲ್ಲ. ರಕ್ತ ಕಡಿಮೆಯಾದಾಗ ಕೊಡುವ ಕಬ್ಬಿಣದ ಮಾತ್ರೆ ಜಠರದ ಪದರವನ್ನು ಸುಡಬಹುದು. ಬಿ.ಪಿ.ಗೆ ಕೊಡುವ ಓಲ್ಮೆಸಾರ್ಟನ್ ಕೆಲವರ ಸಣ್ಣ ಕರುಳನ್ನು ಥೇಟ್ ಗೋಧಿ ಒಗ್ಗದೆ ಬರುವ ಸೀಲಿಯಾಕ್ ಕಾಯಿಲೆಯಂತೆ ಮಾಡುತ್ತದೆ ಅಂತ 2012ರಲ್ಲಿ ಮೇಯೋ ಕ್ಲಿನಿಕ್‌ನವರು 22 ರೋಗಿಗಳನ್ನು ನೋಡಿ ಬರೆದರು. ಹಾಗಂತ ಓದುಗರು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಎಂಡೋಸ್ಕೋಪಿಗೆ ಹೋಗುವಾಗ ನೀವು ತಗೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಬರೆದುಕೊಂಡು ಹೋಗಿ, ಡಾಕ್ಟರ ಕೈಗೆ ಕೊಟ್ಟು 'ಇದನ್ನು ಬಯಾಪ್ಸಿ ಫಾರಂನಲ್ಲೂ ಬರೆಯಿರಿ' ಅನ್ನಿ. ನನ್ನಂಥವಳಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಅದು.

ಪ್ರಶ್ನೆ: ನಮ್ಮ ತಂದೆಯ ಕೊಲೊನೊಸ್ಕೋಪಿ ರಿಪೋರ್ಟಿನಲ್ಲಿ 'ಟ್ಯೂಬ್ಯುಲರ್ ಅಡಿನೋಮಾ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ' ಅಂತಿದೆ. ಇಂಟರ್‌ನೆಟ್‌ನಲ್ಲಿ ಹುಡುಕಿದ ಮೇಲೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಇದು ಕ್ಯಾನ್ಸರ್ರಾ?

ಉತ್ತರ: ಅಲ್ಲ. ಮೊದಲು ಇದನ್ನು ತಂದೆಯವರಿಗೆ ಓದಿ ಹೇಳಿ.

ಅಡಿನೋಮಾ ಅಂದರೆ ಕರುಳಿನ ಒಳಪದರದಲ್ಲಿ ಬೆಳೆದ ಒಂದು ಗಂಟು, ಪಾಲಿಪ್‌ಗಳಲ್ಲಿ ಒಂದು ಬಗೆ. ಅದರ ಕೋಶಗಳು ಸ್ವಲ್ಪ ದಾರಿ ತಪ್ಪಿವೆ, ಅದಕ್ಕೆ ಡಿಸ್‌ಪ್ಲೇಸಿಯಾ ಅನ್ನುತ್ತೇವೆ. ಡಿಸ್‌ಪ್ಲೇಸಿಯಾ ಇಲ್ಲದ ಅಡಿನೋಮಾ ಇರುವುದೇ ಇಲ್ಲ. 'ಲೋ ಗ್ರೇಡ್' ಅಂದರೆ ಅದರಲ್ಲೂ ಕಡಿಮೆ ಮಟ್ಟದ್ದು. ಅಡಿನೋಮಾಗಳಲ್ಲಿ ಕೆಲವು ಮಾತ್ರ ಮುಂದೆ ಕ್ಯಾನ್ಸರ್ ಆಗುತ್ತವೆ, ಅದಕ್ಕೂ ಸಾಮಾನ್ಯವಾಗಿ ಹತ್ತು ವರ್ಷವೋ ಇನ್ನೂ ಹೆಚ್ಚೋ ಬೇಕು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪೆಥಾಲಜಿಸ್ಟ್ ಬೇಸಿಲ್ ಮಾರ್ಸನ್ ಮತ್ತು ಜೊತೆಯವರು ಸಾವಿರಾರು ಪಾಲಿಪ್ ನೋಡಿ 1975ರಲ್ಲಿ ಈ ದಾರಿಯನ್ನು ವಿವರವಾಗಿ ಬರೆದರು. ಪಾಲಿಪ್ ತೆಗೆದುಬಿಟ್ಟರೆ ಕ್ಯಾನ್ಸರ್ ಬರುವುದನ್ನೇ ತಡೆಯಬಹುದು ಅಂತ 1993ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಕೊಲೊನೊಸ್ಕೋಪಿ ಮಾಡುವುದೇ ಇಂಥದ್ದನ್ನು ಹುಡುಕಿ ತೆಗೆಯುವುದಕ್ಕೆ. ನಿಮ್ಮ ತಂದೆಯ ವಿಷಯದಲ್ಲಿ ಅದು ತನ್ನ ಕೆಲಸ ಮಾಡಿದೆ.

ಡಾಕ್ಟರನ್ನು ಕೇಳಬೇಕಾದ್ದು ಇಷ್ಟು: ಎಷ್ಟು ಪಾಲಿಪ್ ಇತ್ತು, ದೊಡ್ಡದು ಎಷ್ಟು ದೊಡ್ಡದು (1 ಸೆಂ.ಮೀ. ಅನ್ನುವುದು ಒಂದು ಮುಖ್ಯ ಗೆರೆ), ಪೂರ್ತಿ ಬಂದಿದೆಯಾ, ಮುಂದಿನ ಕೊಲೊನೊಸ್ಕೋಪಿ ಯಾವಾಗ. ಆ ದಿನಾಂಕವನ್ನು ಮರೆಯಬೇಡಿ.

ಪ್ರಶ್ನೆ: ದಿನವಿಡೀ ಮೈಕ್ರೋಸ್ಕೋಪ್ ನೋಡಿದರೆ ಕಣ್ಣು ಹಾಳಾಗುವುದಿಲ್ಲವಾ?

ಉತ್ತರ: ಕಣ್ಣು ದಣಿಯುತ್ತದೆ, ಹಾಳಾಗುವುದಿಲ್ಲ. ಕುತ್ತಿಗೆ, ಭುಜಕ್ಕೇ ಜಾಸ್ತಿ ಕಷ್ಟ. ಕುರ್ಚಿಯ ಎತ್ತರ ಸರಿಮಾಡಿಕೊಳ್ಳಬೇಕು, ಆಗಾಗ ಎದ್ದು ಓಡಾಡಬೇಕು.

ಪ್ರಶ್ನೆ: ನಾನು ಪೆಥಾಲಜಿಯಲ್ಲಿ ಎಂ.ಡಿ. ಮಾಡುತ್ತಿದ್ದೇನೆ. ಎ.ಐ. ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತದೆ ಅಂತ ಸೀನಿಯರ್‌ಗಳೇ ಹೆದರಿಸುತ್ತಾರೆ. ನಾನು ತಪ್ಪು ದಾರಿ ಹಿಡಿದೆನಾ?

ಉತ್ತರ: ಇಲ್ಲ ಕಣಪ್ಪ. ಸ್ಲೈಡನ್ನು ಪೂರ್ತಿ ಸ್ಕ್ಯಾನ್ ಮಾಡಿ ಪರದೆಯ ಮೇಲೆ ನೋಡಿ ರಿಪೋರ್ಟ್ ಕೊಡುವುದಕ್ಕೆ ಅಮೆರಿಕದಲ್ಲಿ 2017ರಲ್ಲೇ ಒಪ್ಪಿಗೆ ಸಿಕ್ಕಿತು. ಅದರ ಮೇಲೆ ಕಂಪ್ಯೂಟರ್ ಈಗ ಎಷ್ಟೋ ಕೆಲಸ ಮಾಡುತ್ತದೆ. ಹಾರ್ಮೋನು ಸ್ರವಿಸುವಂಥ ಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಗಡ್ಡೆಯನ್ನೇ ತಗೋ. ವಿಭಜನೆಯಾಗುತ್ತಿರುವ ಕೋಶಗಳನ್ನು ತೋರಿಸುವ ಕೆಐ-67 ಬಣ್ಣ ಹಿಡಿದ ಕೋಶಗಳು ನೂರಕ್ಕೆ ಎಷ್ಟು ಅಂತ ಎಣಿಸಬೇಕು. 3ಕ್ಕಿಂತ ಕಡಿಮೆಯಾದರೆ ಒಂದು ಗ್ರೇಡ್, 20 ದಾಟಿದರೆ ಇನ್ನೊಂದು. ನಾನು ಈ ಕೆಲಸಕ್ಕೆ ಹೊಸಬಳಾಗಿದ್ದಾಗ ಫೋಟೋ ಪ್ರಿಂಟ್ ತೆಗೆದು, ಒಂದೊಂದು ಕೋಶಕ್ಕೂ ಪೆನ್ನಿನಲ್ಲಿ ಗುರುತು ಹಾಕಿ ಎಣಿಸುತ್ತಿದ್ದೆ. ಕಂಪ್ಯೂಟರ್ ಅದನ್ನು ಬೇಗ ಎಣಿಸುತ್ತದೆ. ಲಿಂಫ್ ಗ್ರಂಥಿಯ ಮೂಲೆಯಲ್ಲಿರುವ ನಾಲ್ಕೇ ನಾಲ್ಕು ಕ್ಯಾನ್ಸರ್ ಕೋಶವನ್ನು ಅದು ತೋರಿಸಿಕೊಟ್ಟರೆ ನನಗೆ ಸಂತೋಷ. ಸಂಜೆ ಐದಕ್ಕೆ ದಣಿದ ಕಣ್ಣಿಗೆ ಅದು ತಪ್ಪಿಹೋಗಬಹುದು, ಅಲ್ವಾ?

ಆದರೆ ಮೊಣಕಾಲು ನೋವಿನ ಮಾತ್ರೆಯ ವಿಷಯ ಸ್ಲೈಡಿನಲ್ಲಿ ಇರಲಿಲ್ಲ. ಸ್ಲೈಡಿನಲ್ಲಿ ಇಲ್ಲದ್ದನ್ನು ಯಾರನ್ನು ಕೇಳಬೇಕು, ಏನಂತ ಕೇಳಬೇಕು ಅನ್ನುವುದನ್ನು ನೀನು ಕಲಿ. ಟ್ಯೂಮರ್ ಬೋರ್ಡಿಗೆ ತಪ್ಪದೆ ಹೋಗು. ಸರ್ಜನ್ ಎದುರು ನಿಂತು 'ಈ ಅಂಚಿನ ಬಗ್ಗೆ ನನಗೆ ಸಂಶಯವಿದೆ' ಅಂತ ಹೇಳುವುದನ್ನು ಅಭ್ಯಾಸ ಮಾಡಿಕೋ. ಎಣಿಕೆಯನ್ನು ಯಂತ್ರಕ್ಕೆ ಬಿಟ್ಟುಕೊಡುವುದರಲ್ಲಿ ನಷ್ಟವೇನೂ ಇಲ್ಲ. ಒಂದು ಮಾತು ಮಾತ್ರ ನೆನಪಿಡು: ಕೈಯಲ್ಲಿ ಎಣಿಸಿ ಗೊತ್ತಿಲ್ಲದವರಿಗೆ, ಯಂತ್ರ ತಪ್ಪಿ ಎಣಿಸಿದ್ದು ಗೊತ್ತಾಗುವುದಿಲ್ಲ. ಮೊದಲ ನೂರು ಕೇಸನ್ನಾದರೂ ನೀನೇ ಎಣಿಸು.

ಪ್ರಶ್ನೆ: ಇಷ್ಟು ವರ್ಷದಲ್ಲಿ ಲಕ್ಷಗಟ್ಟಲೆ ಸ್ಲೈಡ್ ನೋಡಿರುತ್ತೀರಿ. ನಿಮ್ಮ ಮನಸ್ಸಿನಲ್ಲಿ ಉಳಿದ ಸ್ಲೈಡ್ ಯಾವುದು?

ಉತ್ತರ: ಒಂದಲ್ಲ, ಒಬ್ಬರದೇ ಐದು ಸ್ಲೈಡ್. ನನ್ನ ಡ್ರಾಯರಿನಲ್ಲಿ ಒಂದು ಪುಟ್ಟ ಪೆಟ್ಟಿಗೆಯಲ್ಲಿವೆ.

ಜಠರದಲ್ಲಿ ಮಾಲ್ಟ್ ಲಿಂಫೋಮಾ ಅಂತ ಒಂದು ಕ್ಯಾನ್ಸರ್ ಬರುತ್ತದೆ. 1983ರಲ್ಲಿ ಪೀಟರ್ ಐಸಾಕ್ಸನ್ ಮತ್ತು ಡೆನಿಸ್ ರೈಟ್ ಅನ್ನುವ ಇಬ್ಬರು ಪೆಥಾಲಜಿಸ್ಟರು ಅದನ್ನು ಗುರುತಿಸಿದರು. ಅದರ ಬೇರು ಆ ಪೈಲೋರಿ ಬ್ಯಾಕ್ಟೀರಿಯಾದಲ್ಲೇ ಇದೆ ಅಂತ ಆಮೇಲೆ ಗೊತ್ತಾಯಿತು. 1993ರಲ್ಲಿ ಐಸಾಕ್ಸನ್ ತಂಡ ಆರು ರೋಗಿಗಳಿಗೆ ಬರೀ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಕೊಟ್ಟು ನೋಡಿತು. ಐವರಲ್ಲಿ ಲಿಂಫೋಮಾ ಕರಗಿತು. ಕ್ಯಾನ್ಸರ್ ಆಂಟಿಬಯಾಟಿಕ್‌ಗೆ ಕರಗುವುದು! ಅದನ್ನು ಓದಿದಾಗ ನಾನು ಇನ್ನೂ ವಿದ್ಯಾರ್ಥಿನಿ.

ನಾಲ್ಕೈದು ವರ್ಷದ ನಂತರ ಅಂಥದ್ದೇ ಒಂದು ಬಯಾಪ್ಸಿ ನನ್ನ ಮೇಜಿಗೆ ಬಂತು. ಲಿಂಫೋಮಾದ ಕೋಶಗಳು ಜಠರದ ಗ್ರಂಥಿಗಳನ್ನು ತಿಂದುಹಾಕಿದ್ದವು. ಮೇಲ್ಪದರದಲ್ಲಿ ಬ್ಯಾಕ್ಟೀರಿಯಾವೂ ಇತ್ತು. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಕಾಯಿಲೆ ಜಠರ ಬಿಟ್ಟು ಹರಡಿರಲಿಲ್ಲ. ಅವರು ಆಂಟಿಬಯಾಟಿಕ್ ಶುರು ಮಾಡಿದರು. ಮೂರು ತಿಂಗಳಿಗೆ ಬಂದ ಬಯಾಪ್ಸಿಯಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ, ಲಿಂಫೋಮಾ ಹಾಗೇ ಇತ್ತು. ಆರು ತಿಂಗಳಿಗೆ ಸ್ವಲ್ಪ ಕಡಿಮೆ. ವರ್ಷಕ್ಕೆ ಅಲ್ಲೊಂದು ಇಲ್ಲೊಂದು ಗುಂಪು. ಅವಸರ ಬೇಡ, ಇದು ನಿಧಾನಕ್ಕೆ ಕರಗುತ್ತದೆ ಅಂತ ಪ್ರತಿ ಸಲ ಡಾಕ್ಟರೂ ನಾನೂ ಮಾತಾಡಿಕೊಳ್ಳುತ್ತಿದ್ದೆವು. ಒಂದೂವರೆ ವರ್ಷಕ್ಕೆ ಐದನೇ ಬಯಾಪ್ಸಿ ಬಂತು. ಗ್ರಂಥಿಗಳ ನಡುವೆ, ಮೊದಲು ನೀಲಿ ಕೋಶಗಳು ಕಿಕ್ಕಿರಿದಿದ್ದ ಜಾಗ ಖಾಲಿ. ಬರೀ ತಿಳಿ ಗುಲಾಬಿ. ಲಿಂಫೋಮಾ ಎದ್ದುಹೋದ ಮೇಲೆ ಜಠರ ಹಾಗೆ ಕಾಣುತ್ತದೆ.

ಆ ವ್ಯಕ್ತಿಯನ್ನು ನಾನು ನೋಡಿಲ್ಲ. ನಂಬರ್ ಮಾತ್ರ ಗೊತ್ತು. ಈ ಸೋಮವಾರ ಹೊಸ ಬ್ಯಾಚಿನ ವಿದ್ಯಾರ್ಥಿಗಳಿಗೆ ಆ ಐದನೇ ಸ್ಲೈಡನ್ನೇ ಮೊದಲು ಇಟ್ಟೆ. ಒಬ್ಬ ಹುಡುಗ ಬಹಳ ಹೊತ್ತು ನೋಡಿ, 'ಇದರಲ್ಲಿ ಏನೂ ಇಲ್ವಲ್ಲ ಮೇಡಂ' ಅಂದ. ಉಳಿದ ನಾಲ್ಕನ್ನೂ ಒಂದೊಂದಾಗಿ ತೋರಿಸಿ, ಐದನೆಯದನ್ನು ಮತ್ತೆ ಇಟ್ಟು, 'ಈಗ ನೋಡು' ಅಂದೆ.